ಸಿಮೆಂಟ್ ನಮ್ಮದು, ಫರ್ಸಿ ನಮ್ಮದು, ಕಂಟ್ರೋಲ್ ರೂಮ್ ಯಾರದು?

ಕಾಳಗಿ, ಚಿಂಚೋಳಿ, ಸೇಡಂ ಕಡೆ ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿದ ಹುಡುಗನ ಮನೆಯಲ್ಲಿ ‘ಮುಂದೇನ್ರಿ?’ ಅಂತ ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ ಬರುತ್ತವೆ. ಒಂದು, ಯಾವುದಾದರೂ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸ. ಇನ್ನೊಂದು, ಪರಿಚಯದವರು ಇದ್ದಾರೆಂದು ಬೆಂಗಳೂರು, ಪುಣೆ, ಹೈದರಾಬಾದ್ ಗಾಡಿ ಹತ್ತುವುದು. ಅಲ್ಲಿ ಹೋದ ಮೇಲೆ ಸಿಕ್ಕಿದ್ದೇ ಕೆಲಸ: ಸೆಕ್ಯುರಿಟಿ, ಡೆಲಿವರಿ, ಗಾರೆ. ಎರಡು-ಮೂರು ವರ್ಷ ಕಲಿತ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ವಿದ್ಯೆ ಸರ್ಟಿಫಿಕೇಟಿನ ಸಂಗಡ ಟ್ರಂಕಿನಲ್ಲೇ ಉಳಿಯುತ್ತದೆ.

ಇಂಥ ಮನೆಗಳಿಗೆ ನಾವು ಇನ್ನೊಂದು ದಾರಿ ಹೇಳಬೇಕೆಂದಿದ್ದೇವೆ. ಆ ಕೆಲಸದ ಹೆಸರು ಬಿಲ್ಡಿಂಗ್ ಕಂಟ್ರೋಲ್ಸ್ ಟೆಕ್ನಿಷಿಯನ್. ದೊಡ್ಡ ಕಟ್ಟಡಗಳ ಗಾಳಿ, ತಂಪು, ನೀರು, ಕರೆಂಟು, ಬೆಂಕಿ ಅಲಾರಂ ಇವೆಲ್ಲ ತಮ್ಮಷ್ಟಕ್ಕೆ ತಾವೇ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರು ಇವರು. ಇದನ್ನು ಕಲಿಯಲು ಮೊದಲ ಇಂಟರ್ನ್‌ಶಿಪ್ ಬೇಕು. ಅದು ಹೇಗೆ ಸಿಗುತ್ತದೆ, ಯಾಕೆ ಸಿಗುತ್ತಿಲ್ಲ, ಯಾರು ಏನು ಮಾಡಬೇಕು ಎಂಬುದೇ ಈ ಬರಹ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮೊದಲ ಇಂಟರ್ನ್‌ಶಿಪ್ಪನ್ನು ಬೆಂಗಳೂರಿಗಿಂತ ಮೊದಲು ನಮ್ಮ ಜಿಲ್ಲೆಯೊಳಗೇ ಹುಡುಕಬೇಕು. ಕಾಗದದ ಒಪ್ಪಂದ ಇಲ್ಲದೆ ಸೇರಬಾರದು. ಜಿಲ್ಲೆಯ ದೊಡ್ಡ ಫ್ಯಾಕ್ಟರಿ, ಆಸ್ಪತ್ರೆಗಳು ಕಂಟ್ರೋಲ್ ರೂಮಿನ ಬಾಗಿಲನ್ನು ಊರ ಮಕ್ಕಳಿಗೆ ತೆರೆಯಬೇಕು.

ಏನ್ ಕೆಲಸ ಅದು?

ನಿಮ್ಮ ಹೊಲದ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀರಾ? ಮನೆಯಿಂದ ಫೋನ್ ಮಾಡಿದರೆ ಮೋಟರ್ ಶುರು. ಒಂದು ಫೇಸ್ ಹೋದರೆ ಬಂದ್. ಬಾವಿಯಲ್ಲಿ ನೀರು ತೀರಿದರೂ ಬಂದ್. ಅದರೊಳಗೆ ಮೂರು ಸಂಗತಿ ಇವೆ. ಪರಿಸ್ಥಿತಿ ಹೇಗಿದೆ ಎಂದು ನೋಡುವ ಕಣ್ಣು, ಅಂದರೆ ಸೆನ್ಸರ್. ಏನು ಮಾಡಬೇಕೆಂದು ತೀರ್ಮಾನ ಮಾಡುವ ತಲೆ, ಅಂದರೆ ಕಂಟ್ರೋಲರ್. ಕೆಲಸ ಮಾಡುವ ಕೈ, ಅಂದರೆ ಮೋಟರಿನ ಕಾಂಟ್ಯಾಕ್ಟರ್ ಅಥವಾ ವಾಲ್ವ್.

ದೊಡ್ಡ ಕಟ್ಟಡದಲ್ಲೂ ಇರುವುದು ಇದೇ ಮೂರು. ಎಣಿಕೆ ಮಾತ್ರ ಸಾವಿರಾರು. ತಣ್ಣೀರು ಮಾಡುವ ಚಿಲ್ಲರ್, ಆ ನೀರಿನಿಂದ ಗಾಳಿ ತಂಪು ಮಾಡಿ ಒಳಗೆ ಕಳಿಸುವ ಎಎಚ್‌ಯು ಯಂತ್ರ, ಗಾಳಿ ಎಷ್ಟು ಬಿಡಬೇಕೆಂದು ತೆರೆದು ಮುಚ್ಚುವ ಡ್ಯಾಂಪರ್, ಟ್ಯಾಂಕಿನ ನೀರಿನ ಮಟ್ಟ, ಜನರೇಟರ್, ಲಿಫ್ಟ್. ಇವೆಲ್ಲವನ್ನೂ ಒಂದೇ ಕಂಪ್ಯೂಟರ್ ಪರದೆಯಲ್ಲಿ ತೋರಿಸುವ ವ್ಯವಸ್ಥೆಗೆ ಬಿಎಂಎಸ್ ಅನ್ನುತ್ತಾರೆ. ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬುದು ಅದರ ಪೂರ್ಣ ಹೆಸರು.

ಇದು ಶೋಕಿಯ ವಿಷಯವಲ್ಲ. ಆಪರೇಷನ್ ಥಿಯೇಟರಿನ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಸ್ವಲ್ಪ ಹೆಚ್ಚಿರಬೇಕು. ಆಗ ಬಾಗಿಲು ತೆಗೆದಾಗ ಗಾಳಿ ಹೊರಗೆ ಹೋಗುತ್ತದೆ, ವರಾಂಡದ ಧೂಳು, ರೋಗಾಣು ಒಳಗೆ ಬರುವುದಿಲ್ಲ. ಆ ಒತ್ತಡ ಅಳೆಯುವ ಸೆನ್ಸರ್ ಕೆಟ್ಟರೆ ಅದನ್ನು ಹಿಡಿಯಬೇಕಾದವನು ಟೆಕ್ನಿಷಿಯನ್.

ಕೆಲಸ ಹೊಸದೂ ಅಲ್ಲ. ಅಮೆರಿಕದಲ್ಲಿ ವಾರೆನ್ ಜಾನ್ಸನ್ ಎಂಬ ಮೇಷ್ಟ್ರು ಇದ್ದರು. ಚಳಿಗಾಲದಲ್ಲಿ ಕೋಣೆ ಎಷ್ಟು ಬೆಚ್ಚಗಿದೆ ಎಂದು ನೋಡಲು ಆಳು ಪದೇ ಪದೇ ಪಾಠದ ನಡುವೆ ಬರುವುದು ಅವರಿಗೆ ಬೇಸರವಾಗಿತ್ತು. 1883ರಲ್ಲಿ ಅವರು ಕೋಣೆಯ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದರು. 1885ರಲ್ಲಿ ಅವರು ಕಟ್ಟಿದ ಕಂಪನಿಯೇ ಇಂದಿನ ಜಾನ್ಸನ್ ಕಂಟ್ರೋಲ್ಸ್. ಈಗ ಅದರ ಸಂಗಡ ಹನಿವೆಲ್, ಸೀಮೆನ್ಸ್, ಶ್ನೈಡರ್ ಎಲೆಕ್ಟ್ರಿಕ್ ಕಂಪನಿಗಳೂ ಈ ಕ್ಷೇತ್ರದಲ್ಲಿವೆ. ಎಲ್ಲವೂ ನಮ್ಮ ದೇಶದಲ್ಲಿ ಕೆಲಸ ಮಾಡುತ್ತಿವೆ.

ಆ ಹೆಸರಿನಲ್ಲಿ ಜಾಹೀರಾತು ಬರುವುದಿಲ್ಲ

ಮೊದಲ ತೊಡಕು ಹೆಸರಿನದು. ‘ಬಿಲ್ಡಿಂಗ್ ಕಂಟ್ರೋಲ್ಸ್ ಇಂಟರ್ನ್‌ಶಿಪ್’ ಎಂದು ಫೋನಿನಲ್ಲಿ ಹುಡುಕಿದರೆ ನಿಮ್ಮ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಇದೇ ಕೆಲಸಕ್ಕೆ ಇಲ್ಲಿ ಬೇರೆ ಹೆಸರುಗಳಿವೆ: ಬಿಎಂಎಸ್ ಟೆಕ್ನಿಷಿಯನ್, ಬಿಎಂಎಸ್ ಆಪರೇಟರ್, ಎಚ್‌ವಿಎಸಿ ಟೆಕ್ನಿಷಿಯನ್, ಇನ್‌ಸ್ಟ್ರುಮೆಂಟೇಷನ್ ಟ್ರೇನಿ, ಇಎಲ್‌ವಿ ಟೆಕ್ನಿಷಿಯನ್. ಇವಿಷ್ಟನ್ನೂ ಹುಡುಕಬೇಕು.

ಎರಡನೆಯದು, ಯಾರನ್ನು ಕೇಳಬೇಕು ಎಂಬುದು. ಯಂತ್ರ ತಯಾರಿಸುವ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಿ, ತಪ್ಪಿಲ್ಲ. ಆದರೆ ಅಲ್ಲಿ ಸಾಲು ಉದ್ದ. ಅವರ ಮಾಲನ್ನು ತಂದು ಕಟ್ಟಡದಲ್ಲಿ ಜೋಡಿಸಿ, ವೈರ್ ಎಳೆದು, ಚಾಲೂ ಮಾಡಿಕೊಡುವವರು ಸಣ್ಣ ಗುತ್ತಿಗೆ ಸಂಸ್ಥೆಗಳು. ಇವರಿಗೆ ಸಿಸ್ಟಮ್ ಇಂಟಿಗ್ರೇಟರ್ ಅನ್ನುತ್ತಾರೆ. ಕಟ್ಟಡ ನಡೆಯುವಾಗ ಹಗಲು ರಾತ್ರಿ ನೋಡಿಕೊಳ್ಳುವವರು ಫೆಸಿಲಿಟಿ ಮ್ಯಾನೇಜ್‌ಮೆಂಟ್ ಏಜೆನ್ಸಿಗಳು. ಹೊಸಬರಿಗೆ ಕೈ ಕೆಸರು ಮಾಡಿಕೊಂಡು ಕಲಿಯಲು ಈ ಎರಡು ಜಾಗ ಒಳ್ಳೆಯವು. ನಾಲ್ಕನೆಯದು ಕಟ್ಟಡದ ಮಾಲೀಕರೇ: ಆಸ್ಪತ್ರೆ, ವಿಮಾನ ನಿಲ್ದಾಣ, ಮಾಲ್, ಐಟಿ ಪಾರ್ಕ್, ಡೇಟಾ ಸೆಂಟರ್, ಔಷಧ ಕಾರ್ಖಾನೆ.

ಹೈದರಾಬಾದಿನಲ್ಲಿ ಇವೆಲ್ಲವೂ ಇವೆ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ಹೋಗುವ ರೈಲು ಹಳಿ 1874ರಷ್ಟು ಹಿಂದೆಯೇ ಬಿದ್ದಿದೆ. ನಮಗೆ ಬೆಂಗಳೂರಿಗಿಂತ ಅದು ಬಹಳ ಹತ್ತಿರ. ಸೇಡಂ, ಚಿಂಚೋಳಿ ಗಡಿಯ ಮಕ್ಕಳಿಗೆ ತೆಲುಗು, ಹಿಂದಿ ಎರಡೂ ಬಾಯಿಗೆ ಬರುತ್ತವೆ. ಇದೂ ಒಂದು ಅರ್ಹತೆ, ಅರ್ಜಿಯಲ್ಲಿ ಬರೆಯಿರಿ.

ಮೊದಲು ಮನೆ ಹತ್ತಿರ

ಹಾಗಾದರೆ ಸೀದಾ ಹೈದರಾಬಾದಿಗೇ ಹೋಗಬಾರದೇಕೆ? ಲೆಕ್ಕ ಹಾಕಿ ನೋಡಿ. 2019ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್‌ಶಿಪ್ ನಿಯಮ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ ಇಷ್ಟೆಂದು ಹೇಳಿತು: ಐಟಿಐ ಆದವರಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಡಿಗ್ರಿಯವರಿಗೆ 9,000. ಸೇರುವ ಹೊತ್ತಿಗೆ ಚಾಲ್ತಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಮಹಾನಗರದಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಎಲ್ಲ ಇದರಲ್ಲೇ ಆಗಬೇಕು. ಆಗುವುದಿಲ್ಲ. ತೊಗರಿ ಮಾರಿದ ರೊಕ್ಕದಲ್ಲಿ ಅಪ್ಪ ತಿಂಗಳಿಗಿಷ್ಟು ಕಳಿಸಬೇಕು. ಒಂದು ವರ್ಷ ಮಳೆ ಕೈಕೊಟ್ಟರೆ ಹುಡುಗ ಕಲಿಯುವುದನ್ನು ಬಿಟ್ಟು ಡೆಲಿವರಿ ಬ್ಯಾಗ್ ಹೆಗಲಿಗೆ ಹಾಕುತ್ತಾನೆ. ಅವನಿಗೆ ಕಲಿಯುವ ಮನಸ್ಸು ಇರಲಿಲ್ಲ ಅಂತ ಊರವರು ಮಾತಾಡುತ್ತಾರೆ. ಅವನಿಗೆ ಸಾಲದೇ ಹೋದದ್ದು ಬಾಡಿಗೆಯ ದುಡ್ಡು.

ಅದೇ ಕಲಿಕೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಸಿಕ್ಕರೆ ಆ 7,000ವೇ ಸಾಕಾಗುತ್ತದೆ. ಸಿಗುತ್ತದೆಯೇ? ನಮ್ಮ ಸುತ್ತಲೂ ಇರುವುದನ್ನು ನೋಡಿ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಸುತ್ತ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ಕಿಲ್ನ್ ಒಳಗೆ ಕಲ್ಲು ಸುಮಾರು 1,450 ಡಿಗ್ರಿಯಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಆ ಶಾಖ, ಒತ್ತಡ, ಗಾಳಿ, ಬೆಲ್ಟಿನ ವೇಗ ಎಲ್ಲವನ್ನೂ ಒಂದು ಕಂಟ್ರೋಲ್ ರೂಮಿನಲ್ಲಿ ಕೂತು ನಡೆಸುತ್ತಾರೆ. ಅಲ್ಲಿನ ಇನ್‌ಸ್ಟ್ರುಮೆಂಟ್ ವಿಭಾಗದವರ ಕೆಲಸಕ್ಕೂ ಕಟ್ಟಡದ ಬಿಎಂಎಸ್ ಕೆಲಸಕ್ಕೂ ಮೂಲ ಒಂದೇ: ಅದೇ ಸೆನ್ಸರ್, ಅದೇ ವೈರಿಂಗ್, ಅದೇ ದೋಷ ಹುಡುಕುವ ಕ್ರಮ. ಒಂದನ್ನು ಕಲಿತವರಿಗೆ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ.

ಕಲಬುರಗಿಯಲ್ಲಿ ಇಎಸ್‌ಐಸಿ ಮೆಡಿಕಲ್ ಕಾಲೇಜು, ಜಿಮ್ಸ್, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಜಯದೇವ ಹೃದ್ರೋಗ ಆಸ್ಪತ್ರೆ ಇವೆ. 2019ರ ನವೆಂಬರ್‌ನಲ್ಲಿ ಶುರುವಾದ ವಿಮಾನ ನಿಲ್ದಾಣ ಇದೆ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಇಂಥ ಕಡೆ ಎಸಿ, ಪಂಪು, ಜನರೇಟರ್, ಫೈರ್ ಅಲಾರಂ ನೋಡಿಕೊಳ್ಳುವವರು ಯಾರಾದರೂ ಇದ್ದೇ ಇರಬೇಕು. ಅವರನ್ನು ಹೋಗಿ ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಹೇಗೆ ಕೇಳಬೇಕು

ನೌಕರಿ ಮೇಳದಲ್ಲಿ ನೂರು ಜನರ ನಡುವೆ ಬಯೋಡೇಟಾ ಕೊಟ್ಟು ಬಂದರೆ ಅದು ಕಟ್ಟಿನಲ್ಲಿ ಸೇರುತ್ತದೆ. ಅದನ್ನೂ ಮಾಡಿ. ಅದರ ಜೊತೆ ಇದನ್ನೂ ಮಾಡಿ.

ಒಂದು ವಹಿ ಇಟ್ಟುಕೊಂಡು ಜಿಲ್ಲೆಯ 15 ದೊಡ್ಡ ಕಟ್ಟಡ, ಕಾರ್ಖಾನೆಗಳ ಹೆಸರು ಬರೆಯಿರಿ. ಪ್ರತಿಯೊಂದರಲ್ಲೂ ಮೆಂಟೆನೆನ್ಸ್ ಇಂಜಿನಿಯರ್ ಯಾರೆಂದು ವಿಚಾರಿಸಿ. ಎಚ್‌ಆರ್ ಮೇಡಂ ಸಿಗದಿದ್ದರೆ ಗೇಟಿನ ಸೆಕ್ಯುರಿಟಿ ಕಾಕಾ ಹೇಳುತ್ತಾರೆ. ಅವರು ನಮ್ಮ ಊರ ಕಡೆಯವರೇ ಇರುತ್ತಾರೆ. ಫೋನಿನಲ್ಲಿ ಹೀಗೆ ಮಾತಾಡಿ:

‘ನಮಸ್ಕಾರ ಸರ್. ನಾನು ಕಾಳಗಿ ತಾಲೂಕಿನವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೇನೆ. ನಿಮ್ಮಲ್ಲಿ ಎಚ್‌ವಿಎಸಿ, ಬಿಎಂಎಸ್ ನೋಡಿಕೊಳ್ಳುವ ಏಜೆನ್ಸಿ ಯಾವುದು ಸರ್? ಅಪ್ರೆಂಟಿಸ್ ಆಗಿ ಕಲಿಯಬೇಕೆಂದಿದ್ದೇನೆ. ಯಾರ ಹತ್ತಿರ ಮಾತಾಡಲಿ?’

ಇಷ್ಟೇ ಸಾಕು. ‘ಏನಾದ್ರೂ ಕೆಲಸ ಇದ್ರೆ ಹೇಳ್ರಿ ಸಾಹೇಬ್ರ’ ಅಂತ ಕೇಳಿದವರಿಗೆ ಏನಾದರೂ ಕೆಲಸವೇ ಸಿಗುತ್ತದೆ. ಏನು ಕಲಿಯಬೇಕೆಂದು ಹೆಸರು ಹಿಡಿದು ಹೇಳಿದವರು ನೆನಪಿನಲ್ಲಿ ಉಳಿಯುತ್ತಾರೆ. ಒಂದು ವಾರ ಬಿಟ್ಟು ಮತ್ತೊಮ್ಮೆ ಫೋನ್ ಮಾಡಿ. ವಹಿಯಲ್ಲಿ ತಾರೀಖು, ಯಾರ ಜೊತೆ ಮಾತಾಡಿದಿರಿ, ಏನು ಹೇಳಿದರು ಎಂದು ಬರೆದಿಡಿ.

ಕರೆದರೆ ತೋರಿಸಲು ಏನಾದರೂ ಬೇಕು. ಒಂದು ಹಲಗೆಯ ಮೇಲೆ ರಿಲೇ, ಕಾಂಟ್ಯಾಕ್ಟರ್, ಫ್ಲೋಟ್ ಸ್ವಿಚ್ ಜೋಡಿಸಿ, ಟ್ಯಾಂಕ್ ತುಂಬಿದರೆ ಮೋಟರ್ ತಾನೇ ಬಂದ್ ಆಗುವ ಹಾಗೆ ಮಾಡಿ. ವೈರುಗಳಿಗೆ ನಂಬರ್ ಚೀಟಿ ಹಚ್ಚಿ. ಅದರ ಫೋಟೊ, ಒಂದು ನಿಮಿಷದ ವಿಡಿಯೊ ಫೋನಿನಲ್ಲಿ ಇರಲಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಡೆಸುವವರನ್ನು ಕೇಳಿಕೊಂಡು ಪ್ರೆಶರ್ ಸ್ವಿಚ್, ವಾಲ್ವ್ ಯಾವ ಕ್ರಮದಲ್ಲಿ ಕೆಲಸ ಮಾಡುತ್ತವೆ ನೋಡಿ, ಚಿತ್ರ ಬರೆದುಕೊಳ್ಳಿ. ಕೈ ಹಾಕಬೇಡಿ, ನೋಡಿದರೆ ಸಾಕು.

ಸಂದರ್ಶನದಲ್ಲಿ ಕೇಳುವುದು ದೊಡ್ಡ ದೊಡ್ಡ ಪ್ರಶ್ನೆ ಏನಲ್ಲ. ಒಂದು ಉದಾಹರಣೆ. ಸೆನ್ಸರಿನಿಂದ ಬರುವ ಸಿಗ್ನಲ್ 4ರಿಂದ 20 ಮಿಲಿಆಂಪ್. ಅದು 0ಯಿಂದ 100 ಡಿಗ್ರಿ ತೋರಿಸುತ್ತದೆ ಎಂದರೆ 12 ಮಿಲಿಆಂಪ್‌ಗೆ ಎಷ್ಟು ಡಿಗ್ರಿ? ಐವತ್ತು. ಸೊನ್ನೆಯಿಂದ ಶುರು ಮಾಡದೆ ನಾಲ್ಕರಿಂದ ಯಾಕೆ ಶುರು ಮಾಡಿದ್ದಾರೆ? ವೈರ್ ತುಂಡಾದರೆ ಸೊನ್ನೆ ಬರುತ್ತದೆ. ಆಗ ಶಾಖ ನಿಜವಾಗಿಯೂ ಸೊನ್ನೆ ಡಿಗ್ರಿಯೋ, ವೈರೇ ಹೋಗಿದೆಯೋ ಎಂಬ ಗೊಂದಲ ಇರುವುದಿಲ್ಲ. ಇನ್ನೊಂದು: ಪಿಟಿ-100 ಎಂಬ ಸೆನ್ಸರ್ ಸೊನ್ನೆ ಡಿಗ್ರಿಯಲ್ಲಿ 100 ಓಮ್ ತೋರಿಸುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಸುಮಾರು 115.5 ಓಮ್. ಮಲ್ಟಿಮೀಟರ್ ಹಿಡಿದು ಇದನ್ನು ಅಳೆದು ಹೇಳುವವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ನಡೆಯುತ್ತದೆ. ಯಂತ್ರಗಳು ಒಂದಕ್ಕೊಂದು ಮಾತಾಡುವ ಭಾಷೆಗಳು, ಅಂದರೆ ಮೋಡ್‌ಬಸ್ ಮತ್ತು ಬ್ಯಾಕ್‌ನೆಟ್, ಇವುಗಳ ಹೆಸರೂ ಮೂಲವೂ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ರೊಕ್ಕ ಕೇಳಿದರೆ ಎದ್ದು ಬನ್ನಿ

‘ರೊಕ್ಕ ಕೊಡ್ಲಾರ್ದೆ ಕೆಲಸ ಎಲ್ಲಿ ಸಿಗ್ತದ್ರಿ?’ ಈ ಮಾತು ನಮ್ಮ ಕಡೆ ಕಟ್ಟೆ ಕಟ್ಟೆಯಲ್ಲಿ ಕೇಳುತ್ತೇವೆ. ಟ್ರೇನಿಂಗ್ ಫೀ, ರಿಜಿಸ್ಟ್ರೇಷನ್, ಯೂನಿಫಾರ್ಮ್ ಡಿಪಾಸಿಟ್ ಎಂದು ಹೆಸರು ಹೇಳಿ ಹಣ ಕೇಳುವವರು ನೌಕರಿ ಕೊಡುವವರಲ್ಲ. ಅಪ್ರೆಂಟಿಸ್‌ಗೆ ಕಂಪನಿ ದುಡ್ಡು ಕೊಡಬೇಕು. ಅಪ್ರೆಂಟಿಸ್ ಕಂಪನಿಗೆ ಕೊಡುವುದಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಬರೀ ‘ಇಂಟರ್ನ್‌ಶಿಪ್’ ಅಂದರೆ ಕಂಪನಿ ಕೊಟ್ಟಷ್ಟು, ಕೊಡದಿದ್ದರೆ ಇಲ್ಲ. ‘ಅಪ್ರೆಂಟಿಸ್‌ಶಿಪ್’ಗೆ 1961ರ ಕಾಯ್ದೆ ಇದೆ. ಅದರಲ್ಲಿ ಒಪ್ಪಂದ ಬರವಣಿಗೆಯಲ್ಲಿ ಆಗಬೇಕು, ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಸ್ಟೈಪೆಂಡ್ ಬ್ಯಾಂಕ್ ಖಾತೆಗೆ ಬರಬೇಕು. ಕಲಿಯುವಾಗ ಗಾಯವಾದರೆ ಕಂಪನಿಯೇ ಪರಿಹಾರ ಕೊಡಬೇಕೆಂದು ಆ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಕರೆಂಟಿನ ಪ್ಯಾನಲ್ ಮುಂದೆ, ಏಣಿಯ ಮೇಲೆ ನಿಂತು ಕಲಿಯುವ ವಿದ್ಯೆ ಇದು. ಬಾಯಿ ಮಾತಿನ ಮೇಲೆ ಸೇರಿದ ಹುಡುಗ ಕೈ ಸುಟ್ಟುಕೊಂಡರೆ ‘ಇವ ನಮ್ಮವನೇ ಅಲ್ಲ’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದ್ದರಿಂದಲೇ ಕಾಗದ ಮೊದಲು, ಕೆಲಸ ಆಮೇಲೆ.

ಐಟಿಐ ಆದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಡಿಪ್ಲೊಮಾ, ಡಿಗ್ರಿಯವರಿಗೆ ನ್ಯಾಟ್ಸ್ ಪೋರ್ಟಲ್. ಡಿಪ್ಲೊಮಾದವರ ಅವಧಿ ಒಂದು ವರ್ಷ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇಂಟರ್ನ್‌ಶಿಪ್ ಯೋಜನೆ ಬೇರೆ. ಅದು ತಿಂಗಳಿಗೆ 5,000 ರೂಪಾಯಿಯೊಂದಿಗೆ ಪ್ರಾಯೋಗಿಕವಾಗಿ ಶುರುವಾಯಿತು. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೀರಿ ಎಂಬುದು ನಿಮಗೆ ಸ್ಪಷ್ಟ ಇರಲಿ. ಅಪ್ರೆಂಟಿಸ್ ಮುಗಿದ ಮೇಲೆ ಅದೇ ಕಂಪನಿ ಖಾಯಂ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಇಲ್ಲ. ಆದರೆ ಒಂದು ವರ್ಷದ ಪ್ರಮಾಣಪತ್ರ ಮತ್ತು ಕೈಯಲ್ಲಿನ ವಿದ್ಯೆ ಇದ್ದರೆ ಹೈದರಾಬಾದಿಗೆ ಹೋಗುವಾಗ ಟೆಕ್ನಿಷಿಯನ್ ಆಗಿ ಹೋಗುತ್ತೀರಿ. ಪಿಜಿ ಬಾಡಿಗೆ ಆಗ ಸಂಬಳದಲ್ಲಿ ಕಟ್ಟುತ್ತೀರಿ.

ದೊಡ್ಡವರಿಗೆ ಎರಡು ಮಾತು

ಹುಡುಗರಿಗೆ ಇಷ್ಟು ಹೇಳಿ ಮುಗಿಸಿದರೆ ಅದು ಅನ್ಯಾಯ. ಹೊಣೆ ಅವರೊಬ್ಬರದೇ ಅಲ್ಲ.

30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ಗುತ್ತಿಗೆಯವರನ್ನೂ ಸೇರಿಸಿ ಒಟ್ಟು ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ನಿಯಮ ಇದೆ. ಸಾವಿರ ಜನ ಇದ್ದರೆ ಕನಿಷ್ಠ 25. ಎಷ್ಟು ಜನರನ್ನು ತೆಗೆದುಕೊಂಡರು ಎಂಬುದರ ಜೊತೆ ಎಲ್ಲಿ ಹಾಕಿದರು ಎಂಬುದನ್ನೂ ಕೇಳಬೇಕು. ಅಪ್ರೆಂಟಿಸ್ ಎಂದು ಕರೆದು ವರ್ಷವಿಡೀ ಚೀಲ ಎಣಿಸಲು ನಿಲ್ಲಿಸಿದರೆ ಸಂಖ್ಯೆ ತುಂಬುತ್ತದೆ, ವಿದ್ಯೆ ಬರುವುದಿಲ್ಲ. ಜಿಲ್ಲೆಯ ಪ್ರತಿ ಕಾರ್ಖಾನೆ, ಪ್ರತಿ ದೊಡ್ಡ ಆಸ್ಪತ್ರೆ ವರ್ಷಕ್ಕೆ ಕೆಲವರನ್ನಾದರೂ ಇನ್‌ಸ್ಟ್ರುಮೆಂಟ್ ವಿಭಾಗ, ಕಂಟ್ರೋಲ್ ರೂಮಿನಲ್ಲಿ ಕೂರಿಸಲಿ ಎಂಬುದು ನಮ್ಮ ಬೇಡಿಕೆ.

371ಜೆ ಬಂದ ಮೇಲೆ ನಮಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಖಾಸಗಿ ಕಂಪನಿಯ ಗೇಟಿಗೆ ಆ ಕಲಂ ಅನ್ವಯಿಸುವುದಿಲ್ಲ. ಅಲ್ಲಿ ನಡೆಯುವುದು ವಿದ್ಯೆ ಮತ್ತು ಅನುಭವ. ಆ ಅನುಭವ ಕೊಡಿಸಲು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಮನಸ್ಸು ಮಾಡಬಹುದು. ರಸ್ತೆ, ಕಟ್ಟಡಕ್ಕೆ ಸಾವಿರಾರು ಕೋಟಿ ಖರ್ಚಾಗುವಾಗ ಹೊರ ಊರಿನಲ್ಲಿ ಅಪ್ರೆಂಟಿಸ್ ಆದ ನಮ್ಮ ಮಕ್ಕಳಿಗೆ ಬಾಡಿಗೆಯ ಹಣ ಅಥವಾ ಒಂದು ಹಾಸ್ಟೆಲ್ ಕೊಡುವುದು ದೊಡ್ಡ ಹೊರೆಯಾಗದು.

ಐಟಿಐಗಳಿಗೂ ಒಂದು ಮಾತು. ರಾಜ್ಯದ 150 ಸರ್ಕಾರಿ ಐಟಿಐಗಳು ಟೆಕ್ನಾಲಜಿ ಹಬ್ ಆಗಿ 2022ರಲ್ಲಿ ಉದ್ಘಾಟನೆಯಾದವು. ಹೊಸ ಯಂತ್ರ ಬಂದವು. ಆ ಯಂತ್ರಗಳ ಮುಂದೆ ನಿಂತು ಕಲಿತ ಹುಡುಗರನ್ನು ಹತ್ತು ಕಿಲೋಮೀಟರ್ ದೂರದ ಕಾರ್ಖಾನೆಯ ಕಂಟ್ರೋಲ್ ರೂಮಿಗೆ ವರ್ಷಕ್ಕೊಮ್ಮೆಯಾದರೂ ಕರೆದುಕೊಂಡು ಹೋಗಿ. ಇಂಥ ಕೆಲಸ ಒಂದಿದೆ ಎಂದು ಕಣ್ಣಿಂದ ಕಂಡರೆ ಅವರೇ ಹುಡುಕಿಕೊಳ್ಳುತ್ತಾರೆ.

ತಾಯಿ ತಂದೆಯರೇ, ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಯರು ಕಡಿಮೆ ಇಲ್ಲ. ಓದು ಮುಗಿದ ಕೂಡಲೇ ಲಗ್ನದ ಮಾತು. ಇದು ಮೈಬಲಕ್ಕಿಂತ ಗಮನ, ಲೆಕ್ಕ, ತಾಳ್ಮೆ ಕೇಳುವ ಕೆಲಸ. ಕಲಬುರಗಿಯ ಆಸ್ಪತ್ರೆಯಲ್ಲಿ ಹಗಲು ಪಾಳಿಯ ಅಪ್ರೆಂಟಿಸ್ ಆಗಿ ಒಂದು ವರ್ಷ ಕಳಿಸಿ ನೋಡಿ. ನರ್ಸ್ ಕೆಲಸಕ್ಕೆ ಕಳಿಸುವ ನಾವು ಅದೇ ಆಸ್ಪತ್ರೆಯ ಗಾಳಿ, ಕರೆಂಟು ನೋಡಿಕೊಳ್ಳುವ ಕೆಲಸಕ್ಕೆ ಯಾಕೆ ಕಳಿಸಬಾರದು?

ಶಹಾಬಾದಿನ ಫರ್ಸಿ ಎಷ್ಟೋ ನಗರಗಳ ಮನೆಗಳಲ್ಲಿ ನೆಲವಾಗಿದೆ. ವಾಡಿ, ಸೇಡಂನ ಸಿಮೆಂಟ್ ಗೋಡೆಯಾಗಿದೆ. ನಮ್ಮ ಗಾರೆ ಕೆಲಸದವರ ಬೆವರು ಅಲ್ಲೇ ಇಂಗಿದೆ. ಕಟ್ಟಿ ಮುಗಿದ ಮೇಲೆ ಆ ಕಟ್ಟಡಗಳನ್ನು ನಡೆಸುವ ಕೋಣೆಯಲ್ಲಿ ಒಂದು ಕುರ್ಚಿ ನಮ್ಮ ಮಕ್ಕಳಿಗೂ ಬೇಕು ಎಂದು ಕೇಳುವುದು ಹೆಚ್ಚಿನದೇನಲ್ಲ.

ತಮ್ಮ, ತಂಗಿ, ಈ ವಾರ ಪೋರ್ಟಲ್‌ನಲ್ಲಿ ಹೆಸರು ಹಾಕಿ. ವಹಿಯಲ್ಲಿ 15 ಹೆಸರು ಬರೆಯಿರಿ. ಸೋಮವಾರ ಬೆಳಿಗ್ಗೆ ಹತ್ತರ ಮೇಲೆ ಮೊದಲ ಫೋನ್ ಮಾಡಿ. ಯಾರಾದರೂ ದುಡ್ಡು ಕೇಳಿದರೆ, ಒಪ್ಪಂದ ಕೊಡಲು ಒಲ್ಲೆ ಅಂದರೆ, ಆ ಹೆಸರಿನ ಮೇಲೆ ಗೆರೆ ಎಳೆದು ಮುಂದಿನದಕ್ಕೆ ಹೋಗಿ.